ಸಾಕು ಅಂದದ್ದು ಯಾವುದಕ್ಕೆ

ಏಪ್ರಿಲ್ ೭, ಸೋಮವಾರ

ಗಡೀಪಾರಾದ ಮೊದಲನೆಯ ದಿನ. ಅಪರಾಧಿಯ ಆರೋಗ್ಯ ಚೆನ್ನಾಗಿದೆ.

ಅಪರಾಧ ಇಷ್ಟೇ: ಕಾಲೇಜಿನ ಮೈಕಿನಲ್ಲಿ ಪ್ರಾಂಶುಪಾಲರ ದನಿ ತೆಗೆದು ರಜೆ ಘೋಷಿಸಿದ್ದು. ಕಾಲೇಜು ಖಾಲಿಯಾಯಿತು. ಪ್ರಾಂಶುಪಾಲರೂ ಚೀಲ ಹಿಡಿದು ಗೇಟಿನವರೆಗೆ ಹೋಗಿದ್ದರಂತೆ. ವಿಚಾರಣೆಯ ವೇಳೆ ಅವರ ಈ ಸಹಕಾರವನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಮುಂದಿನ ಅವಧಿಯವರೆಗೆ ಕಾಲೇಜಿನ ಕಡೆ ತಲೆ ಹಾಕಕೂಡದೆಂದು ಆಜ್ಞೆಯಾಯಿತು; ಅಪ್ಪ ನನ್ನನ್ನು ತಂದು ಸೋದರಮಾವನ ಮನೆಯಲ್ಲಿ ಇಳಿಸಿ, ನೀರೂ ಕುಡಿಯದೆ ಹೊರಟುಹೋದರು.

ಮಾವ ಮತ್ತು ಅತ್ತೆಯ ಕಸುಬು ಬಿಸಿಲಿನಿಂದ ಚಿತ್ರ ತೆಗೆಯುವುದು. ಕ್ಯಾಮೆರಾ ಇಲ್ಲ. ಕಿಟಕಿಗೆ ದಪ್ಪ ಪರದೆ ಎಳೆದ ಕೋಣೆಯಲ್ಲಿ ಮಾವ ಎರಡು ದ್ರಾವಣ ಬೆರೆಸಿ, ಕಾಗದಕ್ಕೋ ಬಟ್ಟೆಗೋ ಬಳಿದು, ಕತ್ತಲಲ್ಲೇ ಒಣಗಿಸುತ್ತಾರೆ. ಆಗ ಅದು ಹಳದಿ ಮಿಶ್ರಿತ ಹಸಿರು. ಅತ್ತೆ ಅದರ ಮೇಲೆ ಎಲೆ, ಗರಿ, ಕತ್ತರಿಸಿದ ರಟ್ಟು ಜೋಡಿಸಿ ತಾರಸಿಯ ಬಿಸಿಲಿಗೆ ಒಡ್ಡುತ್ತಾರೆ. ಬಿಸಿಲು ತಾಗಿದ ಕಡೆಯೆಲ್ಲ ಮೆಲ್ಲಗೆ ಬೂದಿಬಣ್ಣವಾಗುತ್ತದೆ. ಅತ್ತೆ ಅದನ್ನೇ ದಿಟ್ಟಿಸುತ್ತ ಕೂತು, ಹದ ಬಂದ ಗಳಿಗೆ "ಸಾಕು" ಅನ್ನಬೇಕು. ಮಾವ ತಕ್ಷಣ ಎತ್ತಿ ನೀರಿನ ತೊಟ್ಟಿಗೆ ಇಳಿಸಬೇಕು. ಬಿಸಿಲು ಕಂಡದ್ದು ನೀಲಿ, ಕಾಣದ್ದು ಬಿಳಿ. ನೆರಳು ಬೆಳ್ಳಗಿರುವ ಮನೆ ಎಂದರೆ ಇದೊಂದೇ.

ಸಮಸ್ಯೆ ಏನೆಂದರೆ, ಅವರಿಬ್ಬರೂ ಮಾತು ಬಿಟ್ಟು ಚಳಿಗಾಲವೊಂದು ಕಳೆದಿದೆ.

ಊಟಕ್ಕೆ ಕೂತಾಗ ತಿಳಿಯಿತು. "ನಿಮ್ಮ ಅತ್ತೆಗೆ ಹೇಳು, ನಾಳೆ ನೀರಿನ ತೊಟ್ಟಿ ತೊಳೀಬೇಕು ಅಂತ" ಎಂದರು ಮಾವ. ಅತ್ತೆ ಅವರ ಎದುರಿಗೇ, ಕೈಗೆ ಕೈ ತಾಗುವಷ್ಟು ಹತ್ತಿರ ಕೂತಿದ್ದರು. "ನಿಮ್ಮ ಮಾವನಿಗೆ ಹೇಳು, ತೊಟ್ಟಿ ನಿನ್ನೆನೇ ತೊಳೆದಾಯ್ತು, ಕಣ್ಣಿದ್ದೋರಿಗೆ ಕಾಣತ್ತೆ ಅಂತ."

ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ಅಕ್ಷರವೂ ತಪ್ಪದಂತೆ ಒಪ್ಪಿಸಿದೆ. ಇಬ್ಬರೂ ನಗಲಿಲ್ಲ. ಈ ಮನೆಗೆ ನನ್ನನ್ನು ರಾಯಭಾರಿಯಾಗಿ ನೇಮಿಸಲಾಗಿದೆ ಎಂದು ಈ ಮೂಲಕ ಪ್ರಕಟಿಸುತ್ತೇನೆ.

ಏಪ್ರಿಲ್ ೯, ಬುಧವಾರ

ಯುದ್ಧದ ಮೂಲ ಕಾರಣ ಪತ್ತೆಯಾಯಿತು. ಎರಡೂ ಪಕ್ಷಗಳ ಹೇಳಿಕೆಗಳನ್ನು ದಾಖಲಿಸುತ್ತಿದ್ದೇನೆ.

ಈ ಬೀದಿಯ ತುದಿಯಲ್ಲಿ ಗ್ರಂಥಾಲಯವಿದೆ. ಅಲ್ಲಿ ಮಕ್ಕಳ ಕೋಣೆಯೊಂದನ್ನು ಹೊಸದಾಗಿ ಕಟ್ಟಿದ್ದಾರೆ. ಅದರ ಎತ್ತರದ ಕಿಟಕಿಗೆ ಒಂದೇ ಅಖಂಡ ಪರದೆ ಬೇಕೆಂದು ಗ್ರಂಥಪಾಲಕಿ ಇವರಿಗೆ ಕೆಲಸ ಒಪ್ಪಿಸಿದರು. ಚಳಿಗಾಲದ ಒಂದು ಬೆಳಿಗ್ಗೆ ಬಟ್ಟೆ ಬಿಸಿಲಿಗೆ ಹಾಸಿ, ಅತ್ತೆ ಬಣ್ಣ ನೋಡುತ್ತಿದ್ದರು. ಮಾವ ಪಕ್ಕದಲ್ಲಿ ನಿಂತು, ಪ್ರಾಯದಲ್ಲಿ ತಾವು ಆಡಿದ ಬ್ಯಾಡ್ಮಿಂಟನ್ ಪಂದ್ಯದ ಕಥೆ ತೆಗೆದಿದ್ದರು. ನಡುವೆ ಅತ್ತೆ "ಸಾಕು" ಅಂದರು. ಮಾವ ಸರಕ್ಕನೆ ಬಟ್ಟೆ ಎತ್ತಿ ನೀರಿಗಿಳಿಸಿದರು. ಹದ ಬಂದಿರಲಿಲ್ಲ. ಚಿತ್ರವೆಲ್ಲ ನೀರಿನಲ್ಲಿ ಹರಿದುಹೋಗಿ, ಬಟ್ಟೆ ನೆಗಡಿಯಾದವರ ಕರವಸ್ತ್ರದಂತೆ ಆಯಿತು.

ಮಾವನ ಹೇಳಿಕೆ: "ಸಾಕು ಅಂದ್ಲು, ತೆಗೆದೆ. ಮೂವತ್ತು ವರ್ಷದಿಂದ ಹಾಗೇ ಮಾಡ್ಕೊಂಡು ಬಂದಿದೀನಿ."

ಅತ್ತೆಯ ಹೇಳಿಕೆ: "ನಾನು ಸಾಕು ಅಂದಿದ್ದು ಕಥೆಗೆ. ಬಟ್ಟೆಗಲ್ಲ."

ತೀರ್ಪನ್ನು ಕಾಯ್ದಿರಿಸಲಾಗಿದೆ.

ಅಂದಿನಿಂದ ದೊಡ್ಡ ಕೆಲಸ ಬಂದ್. ಒಬ್ಬೊಬ್ಬರೇ ಮಾಡಬಹುದಾದ ಸಣ್ಣ ಶುಭಾಶಯ ಪತ್ರಗಳನ್ನು ಮಾಡಿ ಕೆಳಗಿನ ಅಂಗಡಿಯಲ್ಲಿ ಮಾರುತ್ತಿದ್ದಾರೆ. ಗ್ರಂಥಪಾಲಕಿ ಒಳ್ಳೆಯವರು, ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ಪರದೆ ಆಗಬೇಕು. ಮೋಡ ಕವಿದ ಮೇಲೆ ಈ ಕಸುಬಿಗೆ ಕೆಲಸವಿಲ್ಲ.

ಏಪ್ರಿಲ್ ೧೨, ಶನಿವಾರ

ರಾಯಭಾರಿಯ ಹುದ್ದೆಯಲ್ಲಿ ಇಷ್ಟೊಂದು ಮೋಜಿದೆ ಎಂದು ನನಗೆ ಗೊತ್ತಿರಲಿಲ್ಲ.

ಮಾವ: "ದಪ್ಪ ಎಲೆ ಬೇಡ, ತೆಳ್ಳಗಿರೋದು ಹಾಕು ಅಂತ ಹೇಳು."

ನಾನು ಮೆಟ್ಟಿಲು ಹತ್ತಿ ಹೋಗಿ: "ಅತ್ತೆ, ನಿಮ್ಮ ಎಲೆ ನಿಮ್ಮ ಹಾಗೇ ಅಂತೆ."

ಅತ್ತೆ: "ನನ್ನ ಹಾಗೆ ಅಂದ್ರೆ?"

"ದಪ್ಪ ಅಂತೆ."

ಅತ್ತೆ ಕತ್ತರಿ ಕೆಳಗಿಟ್ಟರು. "ಹೋಗಿ ಹೇಳು. ಅವರ ತಲೆ ಮೇಲಿರೋ ಕೂದಲಷ್ಟು ತೆಳ್ಳಗೆ ಬೇಕು ಅಂದ್ರೆ ಎಲೆ ಎಲ್ಲೂ ಸಿಗಲ್ಲ."

ಇದನ್ನು ಮಾತ್ರ ಇದ್ದ ಹಾಗೇ ಒಪ್ಪಿಸಿದೆ. ಕಲಾಕೃತಿಗಳನ್ನು ತಿದ್ದಬಾರದು. ಮಾವ ತಲೆ ಸವರಿಕೊಂಡು ಕತ್ತಲ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಸಂಜೆಯವರೆಗೆ ಹೊರಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಏನನ್ನೂ ಹೇಳಿಕಳಿಸಲಿಲ್ಲ. ರಾಯಭಾರಿ ಸುಮ್ಮನೆ ಕೂತು ಅನ್ನ ತಿಂದ.

ಏಪ್ರಿಲ್ ೧೫, ಮಂಗಳವಾರ

ಇಂದಿನ ವೈಜ್ಞಾನಿಕ ಪ್ರಯೋಗ: ಮಾವನ ಹಲ್ಲುಸೆಟ್ಟು.

ಮಧ್ಯಾಹ್ನ ಅವರು ಅದನ್ನು ಲೋಟದಲ್ಲಿ ಬಿಚ್ಚಿಟ್ಟು ಮಲಗಿದ್ದಾಗ, ಎರವಲು ಪಡೆದು, ಕಾಗದದ ಮೇಲೆ ಜರೀಗಿಡದ ಎರಡು ಎಲೆಗಳ ನಡುವೆ ಇಟ್ಟು ಬಿಸಿಲಿಗೆ ಒಡ್ಡಿದೆ. ಕಡುನೀಲಿಯ ನಡುವೆ, ಅಂಚೆಲ್ಲ ಉಬ್ಬುತಗ್ಗಾದ ಬೆಳ್ಳನೆಯ ಬಿಲ್ಲು. ಸ್ವತಃ ನನಗೇ ಗೌರವ ಹುಟ್ಟಿತು. ಯಾರಿಗೂ ಹೇಳದೆ ಅಂಗಡಿಯ ಶುಭಾಶಯ ಪತ್ರಗಳ ನಡುವೆ ಸೇರಿಸಿದೆ.

ಸಂಜೆ ಒಬ್ಬ ಹೆಂಗಸು ಅದನ್ನೇ ಆರಿಸಿಕೊಂಡರು. "ಇದು ಯಾವ ಹೂವು?" ಎಂದು ಕೇಳಿದರು. ಅತ್ತೆ ಪತ್ರ ತೆಗೆದುಕೊಂಡು ನೋಡಿದರು. ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಮೇಲೆ ನಿದ್ದೆ ಮುಗಿಸಿದ ಮಾವ ಲೋಟದ ಸುತ್ತ ತಡಕಾಡುತ್ತಿರುವ ಸದ್ದು ಕೇಳುತ್ತಿತ್ತು.

"ಇದು ಅಪರೂಪದ್ದು" ಎಂದರು ಅತ್ತೆ, ಮುಖ ಒಂಚೂರೂ ಅಲುಗಿಸದೆ. "ಹಗಲೆಲ್ಲ ಅರಳಿರತ್ತೆ. ರಾತ್ರಿ ನೀರಲ್ಲೇ ಇರಬೇಕು."

ಆಕೆ ಸಂತೋಷದಿಂದ ಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ಅತ್ತೆ ಗಲ್ಲಾಪೆಟ್ಟಿಗೆಗೆ ಹಣೆ ಊರಿ, ಭುಜ ಕುಲುಕಿಸುತ್ತ ನಕ್ಕರು. ಈ ಮನೆಯಲ್ಲಿ ನಗುವಿನ ಸದ್ದು ನಾನು ಕೇಳಿದ್ದು ಇದೇ ಮೊದಲು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಮೆಟ್ಟಿಲ ಕಡೆ ತಿರುಗಿ, "ರೀ, ಕೇಳಿದ್ರಾ" ಅನ್ನುವಷ್ಟರಲ್ಲಿ ಬಾಯಿ ಮುಚ್ಚಿಕೊಂಡರು.

"ಮಾವನಿಗೆ ಹೇಳಲಾ?" ಎಂದೆ.

"ಏನೂ ಬೇಡ. ಹಲ್ಲು ತೊಳೆದು ಕೊಡು ಹೋಗು."

ಏಪ್ರಿಲ್ ೧೬, ಬುಧವಾರ

ಮಾವ ಕಿವಿ ಹಿಂಡಿದರು. ಎಡಗಿವಿ.

ಏಪ್ರಿಲ್ ೨೦, ಭಾನುವಾರ

ಅತ್ತೆಯ ಕೋಣೆಗೆ ನೂಲಿನುಂಡೆ ತರಲು ಹೋಗಿದ್ದೆ. ಮಂಚದ ಮೇಲೆ ಸೂಟ್‌ಕೇಸ್ ಬಾಯಿ ತೆರೆದು ಕೂತಿತ್ತು. ಸೀರೆಗಳು, ಸ್ವೆಟರ್, ಒಳ್ಳೆಯ ಕತ್ತರಿಗಳೆಲ್ಲ ಅದರೊಳಗೆ.

"ಪ್ರವಾಸವಾ ಅತ್ತೆ?"

"ಅಕ್ಕನ ಟೈಲರ್ ಅಂಗಡೀಲಿ ಜನ ಬೇಕಂತೆ. ಪರದೆ ಒಂದು ಮುಗಿಸಿ ಕೊಟ್ರೆ ನನ್ನ ಋಣ ತೀರಿತು. ಮಳೆ ಶುರುವಾಗೋದ್ರೊಳಗೆ ಹೊರಡ್ತೀನಿ."

"ಯಾವಾಗ ವಾಪಸ್?"

ಅತ್ತೆ ಒಂದು ಸೀರೆಯ ಮಡಿಕೆಯನ್ನು ಬಿಚ್ಚಿ, ಮತ್ತೆ ಅದೇ ಮಡಿಕೆಗೆ ಮಡಿಸಿದರು. "ಮಾತಾಡ್ದೇ ಇರೋಕೆ ಇಲ್ಲೇ ಯಾಕಿರಬೇಕು ಹೇಳು. ಅಲ್ಲೂ ಮಾತಾಡ್ದೇ ಇರಬಹುದು."

ಇದನ್ನು ಮಾವನಿಗೆ ಹೇಳಬೇಕೋ ಬೇಡವೋ ಎಂದು ಅವರೇನೂ ಅನ್ನಲಿಲ್ಲ. ನಾನು ಒಪ್ಪಿಸಲಿಲ್ಲ. ಕಾರಣ: ಸೋಮಾರಿತನ.

ಏಪ್ರಿಲ್ ೨೪, ಗುರುವಾರ

ರಾಯಭಾರ ಕಚೇರಿಯ ನೀತಿಯಲ್ಲಿ ತಾತ್ಕಾಲಿಕ ಬದಲಾವಣೆ. ಬರೀ ಪ್ರಯೋಗಕ್ಕೆ, ಬೇರೆ ಉದ್ದೇಶವಿಲ್ಲ.

ಪರದೆಯ ಚಿತ್ರಕ್ಕೆ ಅತ್ತೆ ಒಂದು ದೊಡ್ಡ ಮರ ಯೋಚಿಸಿದ್ದಾರೆ. ಕಾಂಡಕ್ಕೆ ರಟ್ಟು, ಕೊಂಬೆಗೆ ಹಗ್ಗ, ಎಲೆಗೆ ಎಲೆ. ಮರದ ಮೇಲೂ ಕೆಳಗೂ ರಟ್ಟಿನ ಪ್ರಾಣಿಗಳು. ಆನೆ, ಅಳಿಲು, ಗೂಬೆಗಳನ್ನೆಲ್ಲ ಕತ್ತರಿಸಿ ಮೇಜಿನ ಮೇಲೆ ಜೋಡಿಸಿಟ್ಟು, "ತೋರಿಸು ಅವರಿಗೆ" ಎಂದರು.

ಮಾವ ಬಂದು ನೋಡಿದರು. ಅಳಿಲನ್ನು ಕೈಗೆತ್ತಿಕೊಂಡು, ಅದರ ಬಾಲದ ಸಣ್ಣ ಸಣ್ಣ ಕತ್ತರಿಗೆರೆಗಳ ಮೇಲೆ ಬೆರಳಾಡಿಸಿದರು. "ಆನೆ ಕಾಲು ಸಣ್ಣ ಆಯ್ತು ಅಂತ ಹೇಳು" ಎಂದು ಹೋದರು.

ನಾನು ಅತ್ತೆಗೆ: "ಬಹಳ ಸೊಗಸಾಗಿದೆ ಅಂದ್ರು. ಅದ್ಭುತ ಕೈಚಳಕ ಅಂದ್ರು."

ಅತ್ತೆ ಕಣ್ಣು ಕಿರಿದು ಮಾಡಿದರು. "ನಿಮ್ಮ ಮಾವನ ಬಾಯಲ್ಲಿ 'ಸೊಗಸು' ಅನ್ನೋ ಮಾತು ನಮ್ಮ ಮದುವೇಲೂ ಬಂದಿಲ್ಲ ಕಣೋ. ಕೈಚಳಕ ಬೇರೆ. ನಿಜ ಏನಂದ್ರು ಹೇಳು."

"ಆನೆ ಕಾಲು ಸಣ್ಣ ಆಯ್ತು ಅಂದ್ರು."

"ಅದು ಅವರ ಮಾತು. ಅಷ್ಟೇನಾ?"

"ಅಷ್ಟೇ. ಅಳಿಲು ಮಾತ್ರ ತುಂಬಾ ಹೊತ್ತು ಹಿಡ್ಕೊಂಡು ನಿಂತಿದ್ರು. ಏನೂ ಹೇಳಲಿಲ್ಲ."

ಅತ್ತೆ ಏನೋ ಹುಡುಕುವವರಂತೆ ಮೇಜಿನ ಆ ಕಡೆ ಹೋದರು. ಸ್ವಲ್ಪ ಹೊತ್ತಿನ ನಂತರ ಆನೆಗೆ ಹೊಸ ಕಾಲು ಕತ್ತರಿಸುತ್ತಿರುವುದು ಕಂಡಿತು. ಸುಳ್ಳಿಗೆ ಇಲ್ಲದ ಬೆಲೆ ನಿಜಕ್ಕೆ ಸಿಗುವ ಮನೆ. ನನ್ನಂಥವನಿಗೆ ಇಲ್ಲಿ ಭವಿಷ್ಯವಿಲ್ಲ.

ಏಪ್ರಿಲ್ ೨೮, ಸೋಮವಾರ

ಮೋಡ. ಅಂಚಿನಲ್ಲಿ ಮಾತ್ರ, ಆದರೂ ಮೋಡವೇ. ಮಾವ ಬೆಳಿಗ್ಗೆಯಿಂದ ಕುತ್ತಿಗೆ ನೋಯುವಷ್ಟು ಸಲ ಮೇಲೆ ನೋಡಿದರು. ಬಟ್ಟೆಗೆ ದ್ರಾವಣ ಬಳಿದಾಗಿದೆ. ಕತ್ತಲ ಕೋಣೆಯಲ್ಲಿ ಉದ್ದಕ್ಕೆ ನೇತುಹಾಕಿ ಒಣಗಿಸಿದ್ದೇವೆ. ಬಳಿದ ಬಟ್ಟೆಯನ್ನು ಬಹಳ ದಿನ ಇಟ್ಟರೆ ಕತ್ತಲಲ್ಲೇ ಕೆಟ್ಟುಹೋಗುತ್ತದಂತೆ.

ಮಾವ ನನ್ನನ್ನು ಕತ್ತಲ ಕೋಣೆಯ ಮೂಲೆಗೆ ಕರೆದು ಪಿಸುಮಾತಿನಲ್ಲಿ ಕೇಳಿದರು: "ಮಂಚದ ಮೇಲೆ ಸೂಟ್‌ಕೇಸ್ ಯಾಕಿದೆ?"

"ನಿಮಗೆ ಹೇಳೋಕೆ ಅತ್ತೆ ಏನೂ ಹೇಳಿಕಳ್ಸಿಲ್ಲ ಮಾವ."

"ಅದಕ್ಕೇ ನಿನ್ನ ಕೇಳ್ತಿರೋದು."

ಹೇಳಿದೆ. ಮಾವ ಬ್ರಷ್ಷಿನ ಕೂದಲು ನೇವರಿಸುತ್ತ ನಿಂತರು. "ಏನಾದ್ರೂ ಹೇಳಬೇಕಾ ಅತ್ತೆಗೆ?" ಎಂದೆ. ಬ್ರಷ್ ಕೆಳಗಿಟ್ಟರು. "ಬಟ್ಟೆ ಅಂಚಿಗೆ ಕಲ್ಲು ಸಾಲದು, ಇನ್ನಷ್ಟು ಆರಿಸ್ಕೊಂಡು ಬಾ."

ಇಂದು ಮಾಡಬೇಕೆಂದಿದ್ದ ಚೇಷ್ಟೆ (ಮಾವನ ಚಪ್ಪಲಿಗೆ ಅಂಟು) ಮುಂದೂಡಿಕೆ. ಅಂಟು ಹಳೆಯದು, ಅದಕ್ಕೆ.

ಏಪ್ರಿಲ್ ೩೦, ಬುಧವಾರ

ಇಂದು ಉದ್ದವಾಗಿ ಬರೆಯುತ್ತೇನೆ. ಬಲಗೈ ಸುಟ್ಟಿದೆ, ಮೂಗು ಸುಟ್ಟಿದೆ, ಆದರೂ.

ಬೆಳಿಗ್ಗೆ ಆಕಾಶ ತೊಳೆದ ತಟ್ಟೆಯಂತಿತ್ತು. ಮೂವರೂ ಸೇರಿ ಬಟ್ಟೆಯನ್ನು ಕಪ್ಪು ಹೊದಿಕೆಯ ಕೆಳಗೆ ತಾರಸಿಗೆ ತಂದೆವು. ಅತ್ತೆ ಹೊದಿಕೆಯಡಿ ಕೈ ತೂರಿಸಿ ಮರ ಕಟ್ಟಿದರು, ಪ್ರಾಣಿಗಳನ್ನು ಕೂರಿಸಿದರು, ಅಂಚಿಗೆಲ್ಲ ಕಲ್ಲು ಹೇರಿದೆವು. ಮಾವ ತೊಟ್ಟಿಯ ಹತ್ತಿರ ನಿಂತರು. ಅತ್ತೆ ಬಟ್ಟೆಯ ತಲೆಯ ಕಡೆ ಕೂತರು. ನಾನು ನಡುವೆ, ಸುದ್ದಿ ಒಯ್ಯಲು. ಹೊದಿಕೆ ತೆಗೆದೆವು.

ಬಣ್ಣ ತಿರುಗತೊಡಗಿದಾಗ ಗಾಳಿ ಎದ್ದಿತು. ಬಟ್ಟೆಯ ಕೆಳಗಿನ ಮೂಲೆ ಕಲ್ಲನ್ನು ಉರುಳಿಸಿ ಪಟಪಟ ಬಡಿಯಲು ಶುರುಮಾಡಿತು. ಇನ್ನೊಂದು ಗಳಿಗೆ ಬಿಟ್ಟರೆ ಮರ, ಆನೆ, ಗೂಬೆ ಎಲ್ಲ ಪಕ್ಕದ ಮನೆಗೆ ಹಾರಿಹೋಗುತ್ತಿದ್ದವು. ಯೋಚನೆ ಮಾಡಲು ಸಮಯವಿರಲಿಲ್ಲ, ನನಗೆ ಆ ಅಭ್ಯಾಸವೂ ಇಲ್ಲ. ಹೋಗಿ ಆ ಮೂಲೆಯ ಮೇಲೆ ಅಡ್ಡಡ್ಡ ಮಲಗಿಬಿಟ್ಟೆ. ಬಟ್ಟೆ ನಿಂತಿತು.

"ಅಲ್ಲಾಡ್ಬೇಡ" ಎಂದು ಇಬ್ಬರೂ ಒಟ್ಟಿಗೆ ಕೂಗಿದರು, ನನಗೆ.

ನಾನು ಅಲ್ಲಾಡಲಿಲ್ಲ. ಅಲ್ಲಾಡಿದರೆ ನೆರಳು ಎರಡಾಗುತ್ತದೆ, ಚಿತ್ರ ಕಲೆಸುತ್ತದೆ ಎನ್ನುವಷ್ಟು ಕಸುಬು ಇಷ್ಟು ದಿನದಲ್ಲಿ ಬಂದಿದೆ. ಹುಟ್ಟಿದಂದಿನಿಂದ ಇಷ್ಟು ಹೊತ್ತು ನಾನು ಒಂದೇ ಕಡೆ ಇದ್ದದ್ದಿಲ್ಲ. ಮೂಗಿನ ಮೇಲೆ ಇರುವೆಯೊಂದು ಬೆಳಗಿನ ವಾಕಿಂಗ್ ಮುಗಿಸಿಕೊಂಡು ಹೋಯಿತು.

ಆಗ ಮೋಡ ಬಂತು. ದೂರದಲ್ಲಿತ್ತು, ಆದರೆ ಸೂರ್ಯನ ಕಡೆಗೇ ಹೊರಟಿತ್ತು.

"ಲೋ, ಅವರಿಗೆ ಹೇಳು, ಇನ್ನೂ ಹದ ಬಂದಿಲ್ಲ, ತೊಟ್ಟಿ ಮುಟ್ಟೋದು ಬೇಡ ಅಂತ" ಎಂದರು ಅತ್ತೆ.

"ಅವಳಿಗೆ ಹೇಳೋ, ಮೋಡ ಮುಚ್ಚಿದ ಮೇಲೆ ಅಂದಾಜು ಸಿಗಲ್ಲ, ಬೇಗ ನೋಡು ಅಂತ" ಎಂದರು ಮಾವ.

ನಾನು ಸುಮ್ಮನಿದ್ದೆ.

"ಕಿವಿ ಕೇಳಿಸ್ತಿಲ್ವೇನೋ?"

"ಕೇಳಿಸ್ತಿದೆ ಅತ್ತೆ" ಎಂದೆ, ತುಟಿ ಆದಷ್ಟು ಅಲುಗಿಸದೆ. "ನಾನೀಗ ಚಿತ್ರ. ಚಿತ್ರ ಮಾತಾಡಲ್ಲ."

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವುದು ಕೇಳುತ್ತಿತ್ತು. ಆಮೇಲೆ ಅತ್ತೆ, ಆಕಾಶಕ್ಕೆ ಹೇಳುವವರಂತೆ: "ಮೋಡ ಬರ್ತಿದೆ."

ಮಾವ, ತೊಟ್ಟಿಗೆ ಹೇಳುವವರಂತೆ: "ನಂಗೂ ಕಾಣತ್ತೆ."

"ಕಂಡ್ರೆ ಅವಸರ ಮಾಡ್ಬೇಡಿ. ಹೋದ ಸಲ ಮಾಡಿದ್ದು ಸಾಲದಾ?"

"ಹೋದ ಸಲ ನೀನು ಸಾಕು ಅಂದೆ."

"ಕಥೆಗೆ ಅಂದೆ."

"ಕಥೆಗಾದ್ರೆ 'ಕಥೆ ಸಾಕು' ಅನ್ಬೇಕು. ಬರೀ ಸಾಕು ಅಂದ್ರೆ ಬಟ್ಟೆ. ಈ ಮನೇಲಿ ಅದೇ ರೂಢಿ."

"'ಕಥೆ' ಅನ್ನೋಕೆ ನೀವು ಸಂದು ಕೊಟ್ರೆ ತಾನೇ ಅನ್ನೋದು. ಆ ಬ್ಯಾಡ್ಮಿಂಟನ್ ಕಥೆ ನಾನು ಎಷ್ಟು ಸಲ ಕೇಳಿಲ್ಲ."

"ಒಂದು ಸಲಾನೂ ಪೂರ್ತಿ ಕೇಳಿಲ್ಲ. ಪ್ರತಿ ಸಲ ನಡುವೆ ಬಾಯಿ ಹಾಕ್ತೀಯ."

"ಪೂರ್ತಿ ಏನಿದೆ ಅದರಲ್ಲಿ? ಗೆದ್ದೆ ಅಂತ ತಾನೇ?"

"ಸೋತೆ." ಮಾವನ ದನಿ ಜೋರಾಯಿತು. "ಸೋತೆ ಕಣೆ. ನೀನು ನಿಮ್ಮಕ್ಕನ ಜೊತೆ ಬಂದು ಬೆಂಚಿನ ಮೇಲೆ ಕೂತೆ. ನಿನ್ನ ನೋಡ್ತಾ ನಿಂತೆ, ಕಾಕ್ ಬಂದು ಹಣೆಗೆ ಹೊಡೀತು. ನೀನು ನಕ್ಕೆ. ಅದೇ ಕಥೆ."

ಮಲಗಿದ್ದಲ್ಲಿಂದ ನನಗೆ ಅತ್ತೆಯ ಪಾದ ಮಾತ್ರ ಕಾಣುತ್ತಿತ್ತು. ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು.

"ಅದು ನೀವಾ" ಎಂದರು ಕೊನೆಗೆ. "ಹಣೆಗೆ ಹೊಡೆಸ್ಕೊಂಡೋರು?"

"ಮತ್ತೆ ಇನ್ಯಾರು?"

"ಇಷ್ಟು ಹೇಳೋಕೆ ಆ ಪಂದ್ಯದ ಲೆಕ್ಕವೆಲ್ಲ ಯಾಕೆ ಹೇಳ್ಬೇಕಿತ್ತು ನೀವು?"

"ಕಥೆ ಅಂದ್ರೆ ಮೊದಲಿಂದ ಹೇಳ್ಬೇಕು."

ನೆರಳು ನಮ್ಮ ಮೇಲೆ ಬಂದದ್ದು ಆಗಲೇ ಎಲ್ಲರಿಗೂ ಗೊತ್ತಾದದ್ದು. ಇಬ್ಬರೂ ಬಟ್ಟೆಯನ್ನು ಮರೆತಿದ್ದರು. ಬೂದಿಬಣ್ಣ ದಾಟಿ, ಕಂಚಿನ ಬಣ್ಣಕ್ಕೆ ತಿರುಗಿತ್ತು.

"ತೆಗೀರಿ ತೆಗೀರಿ" ಎಂದರು ಅತ್ತೆ.

ಮಾವ ಎರಡು ಹೆಜ್ಜೆ ಓಡಿ, ತಟಕ್ಕನೆ ನಿಂತರು. "ಯಾವುದು?"

"ಬಟ್ಟೆ ಕಣ್ರೀ."

ಮೂವರೂ ಎಳೆದು, ಎಲೆ ರಟ್ಟುಗಳನ್ನೆಲ್ಲ ಕೊಡವಿ, ತೊಟ್ಟಿಗೆ ಇಳಿಸಿದೆವು. ಹಳದಿ ನೀರು ಮೇಲೆದ್ದಿತು. ಮಾವ ಒಂದು ತುದಿ, ಅತ್ತೆ ಒಂದು ತುದಿ ಹಿಡಿದು ಜಾಲಾಡಿದರು. "ಮೇಲೆ ಹಿಡಿ." "ಹಿಡಿದಿದೀನಿ, ನೀವು ಬಿಡಬೇಡಿ." "ಬಿಟ್ಟಿಲ್ಲ." ನೀರು ಬದಲಿಸಿದೆವು. ಮತ್ತೆ ಬದಲಿಸಿದೆವು. ಹೆಚ್ಚು ಬಿಸಿಲು ಕುಡಿದ ಬಟ್ಟೆ ತೊಳೆದಷ್ಟೂ ಕಪ್ಪಾಗಿಯೇ ಕಂಡಿತು. ಯಾರೂ ಯಾರನ್ನೂ ನೋಡಲಿಲ್ಲ. ನನ್ನ ಬಾಯಿಗೆ ಒಂದು ಜೋಕೂ ಬರಲಿಲ್ಲ, ಬಿಸಿಲೇಟಿಗೆ ಹೀಗಾಗುವುದುಂಟು.

ಮೂರನೆಯ ನೀರಿಗೆ ಕಪ್ಪು ಕರಗಿ ನೀಲಿ ಬಿಚ್ಚಿಕೊಂಡಿತು. ರಾತ್ರಿ ಶುರುವಾಗುವ ಹೊತ್ತಿನ ನೀಲಿ. ಅದರಲ್ಲಿ ಮರ, ಕೊಂಬೆಗೆ ಗೂಬೆ, ಕಾಲು ಉದ್ದವಾದ ಆನೆ, ಬಾಲದ ಗೆರೆಗೆರೆಯೂ ಉಳಿದ ಅಳಿಲು. ಮರದ ಬುಡದಲ್ಲಿ, ಕೈ ತಲೆದಿಂಬು ಮಾಡಿಕೊಂಡು ಅಡ್ಡಾದ ಒಬ್ಬ ಉದ್ದನೆಯ ಬಿಳಿ ಸೋಮಾರಿ.

"ಕಪ್ಪೆ ತರ ಇದಾನೆ" ಎಂದರು ಮಾವ.

"ಕಪ್ಪೆಗೆ ಇಷ್ಟು ದೊಡ್ಡ ಕಿವಿ ಎಲ್ಲಿರತ್ತೆ?" ಎಂದರು ಅತ್ತೆ.

"ನಾನು ಹಿಂಡಿದ ಕಿವಿ ಅದು."

ಒದ್ದೆ ಬಟ್ಟೆಯ ಎರಡು ತುದಿಯಲ್ಲಿ ನಿಂತು ಈ ವಿಷಯವನ್ನು ಅವರು ಮಧ್ಯಾಹ್ನದವರೆಗೆ ಚರ್ಚಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮೇ ೩, ಶನಿವಾರ

ಪರದೆ ತೂಗುಹಾಕಿದ್ದಾಯಿತು. ಗ್ರಂಥಪಾಲಕಿ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ನೋಡಿ, "ಈ ಮಲಗಿರೋರು ಯಾರು? ಒಪ್ಪಿಕೊಂಡ ಚಿತ್ರದಲ್ಲಿ ಇರಲಿಲ್ಲ" ಎಂದರು. "ಪುಸ್ತಕ ಓದಿ ನಿದ್ದೆ ಹೋದೋರು" ಎಂದರು ಅತ್ತೆ. ಮಾವ ತಕ್ಷಣ ಸೇರಿಸಿದರು: "ಒಳ್ಳೇ ಪುಸ್ತಕ." ಆಕೆ ಕನ್ನಡಕ ಇಳಿಸಿ, "ಇರಲಿ, ಇಲ್ಲಿಗೆ ಬರೋರಲ್ಲಿ ಅರ್ಧ ಜನ ಹಾಗೇ" ಎಂದು ನಕ್ಕರು. ಎದುರಿನ ಶಾಲೆಯವರಿಗೂ ಒಂದು ಬೇಕಂತೆ.

ಮನೆಗೆ ಬರುವ ದಾರಿಯಲ್ಲಿ ಮಾವ ಬ್ಯಾಡ್ಮಿಂಟನ್ ಕಥೆಯನ್ನು ಮೊದಲಿಂದ ತೆಗೆದರು. ಅತ್ತೆ ಬಾಯಿ ಹಾಕಲಿಲ್ಲ. ಭಯಂಕರ ಉದ್ದ ಕಥೆ. ಸಂಜೆ ಅತ್ತೆ ಅಕ್ಕನಿಗೆ ಫೋನ್ ಮಾಡಿ, "ಇಲ್ಲೇ ಕೈತುಂಬ ಕೆಲಸ ಕಣೇ, ಬೇರೆ ಯಾರನ್ನಾದ್ರೂ ನೋಡ್ಕೋ" ಎಂದರು.

ಮೇ ೧೧, ಭಾನುವಾರ

ಅಪ್ಪ ಬಂದರು. ನನ್ನ ಕಾಲೇಜಿನವರು ದಂಡ ಕಟ್ಟಿಸಿಕೊಂಡು ಒಳಗೆ ಬಿಡಲು ಒಪ್ಪಿದ್ದಾರಂತೆ. ನನ್ನ ಬಟ್ಟೆಚೀಲ ಹೊತ್ತು ಹಜಾರಕ್ಕೆ ಬಂದು, "ಹುಡುಗ ಹೇಗಿದ್ದ? ಸುಧಾರಿಸಿದ್ನಾ?" ಎಂದು ಕೇಳಿದರು.

ಮಾವ ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ನೋಡಿದರು.

"ಎಲ್ಲಿ ಭಾವ" ಎಂದರು ಮಾವ, ನಿಟ್ಟುಸಿರು ಬಿಟ್ಟು. "ಒಂಚೂರೂ ಇಲ್ಲ. ಮೊನ್ನೆ ನನ್ನ ಚಪ್ಪಲಿಗೆ ಅಂಟು ಹಾಕಿದ್ದ."

ನಾನು ಬಾಯಿ ತೆರೆದೆ. ಆ ಅಂಟು ಇನ್ನೂ ಸೀಸೆಯಲ್ಲೇ ಇದೆ. ಅದರ ಸುದ್ದಿ ಇವರಿಗೆ ಹೇಗೆ ತಿಳಿಯಿತೋ ದೇವರೇ ಬಲ್ಲ.

"ಹೇಳಿದ್ದು ಒಂದು ಕೇಳಲ್ಲ ಅಣ್ಣ" ಎಂದು ಅತ್ತೆ ಅಲ್ಲಿಂದಲೇ ಎತ್ತಿಕೊಂಡರು. "ಮಹಾ ಸೋಮಾರಿ. ಎಲ್ಲಿ ಅಂದ್ರೆ ಅಲ್ಲಿ ಮಲಗಿಬಿಡ್ತಾನೆ. ಬೇಕಾದ್ರೆ ಗ್ರಂಥಾಲಯಕ್ಕೆ ಹೋಗಿ ನೋಡಿ."

"ಇವನನ್ನ ಹೀಗೇ ಕರ್ಕೊಂಡು ಹೋದ್ರೆ ಕಾಲೇಜಿನವರು ವಾರದೊಳಗೆ ವಾಪಸ್ ಕಳಿಸ್ತಾರೆ" ಎಂದರು ಮಾವ.

"ಕಾಲೇಜು ತೆರೆಯೋವರೆಗಾದ್ರೂ ಇಲ್ಲೇ ಬಿಗಿಯಾಗಿ ಇಟ್ಕೋತೀವಿ."

"ಶಾಲೆಯವರ ಪರದೆ ಮುಗಿಯೋವರೆಗೆ" ಎಂದರು ಮಾವ. ಅತ್ತೆ ಕೆಮ್ಮಿದರು. "ಅಂದ್ರೆ, ಸುಧಾರಿಸೋವರೆಗೆ" ಎಂದು ತಿದ್ದಿಕೊಂಡರು.

ಅಪ್ಪ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ಚೀಲ ಕೆಳಗಿಟ್ಟರು. "ನೀವಿಬ್ಬರೂ ಒಂದೇ ಮಾತು ಹೇಳ್ತಿದೀರಿ ಅಂದ್ಮೇಲೆ ನಿಜಾನೇ ಇರ್ಬೇಕು" ಎಂದು ನನ್ನ ಕಡೆ ತಿರುಗಿ, ಎರಡೂ ಕಿವಿ ತುಂಬುವಷ್ಟು ಬೈದರು. ನಾನು ತಲೆ ತಗ್ಗಿಸಿ, ಕೈ ಕಟ್ಟಿ, ಒಂದೊಂದು ಬೈಗುಳವನ್ನೂ ಬಿಡದಂತೆ ಕೊರಳೊಡ್ಡಿ ಸ್ವೀಕರಿಸಿದೆ.

ನನ್ನ ಮೇಲೆ ಇಷ್ಟು ಒಳ್ಳೆಯ ಚಾಡಿ ಈವರೆಗೆ ಯಾರೂ ಹೇಳಿರಲಿಲ್ಲ. ಮುಂದಿನ ಆದೇಶದವರೆಗೆ ನಾನು ಅಧಿಕೃತವಾಗಿ ಕೆಟ್ಟವನು.